ಸಾಕಿದ ಹಾವು ತಿಂದ ಇಲೀನ ವಾಪಸ್ ಕಕ್ಕಿಬಿಟ್ಟಿದ್ಯಾ? ಎಲ್ಲಿಂದ ಹುಡುಕೋಕೆ ಶುರು ಮಾಡ್ಬೇಕು ಅಂದ್ರೆ

ಮೊದಲು ಒಂದು ಮಾತು, ಹಾವಿನ ಊಟಕ್ಕೆ ಅಂತ ಫ್ರೀಜರ್‌ನಲ್ಲಿಟ್ಟಿರೋ ಇನ್ನೊಂದು ಇಲೀನ ಆಚೆ ತೆಗೀಬೇಡಿ. ಇವತ್ತೂ ಬೇಡ, ನಾಳೇನೂ ಬೇಡ, ಈ ವಾರ ಪೂರ್ತಿ ಬೇಡ. ಹಾವು ಕಕ್ಕಿರೋದು ನೋಡಿದ ತಕ್ಷಣ ಅಯ್ಯೋ ಪಾಪ ಹೊಟ್ಟೆ ಖಾಲಿ ಆಯ್ತಲ್ಲ ಅನ್ಸತ್ತೆ, ಮಕ್ಕಳಿಗೆ ವಾಂತಿ ಆದ್ರೆ ಸ್ವಲ್ಪ ಹೊತ್ತು ಬಿಟ್ಟು ಗಂಜಿ ಕುಡಿಸ್ತೀವಲ್ಲ ಹಂಗೆ ಇದಕ್ಕೂ ಏನಾದ್ರೂ ಚಿಕ್ಕದು ಕೊಡೋಣ ಅಂತ ಕೈ ತುರಿಸತ್ತೆ, ನಾನೂ ಅದನ್ನೇ ಮಾಡ್ದೆ, ಅನುಭವಿಸ್ದೆ. ಅದರ ಕಥೆ ಕೆಳಗೆ ಬರತ್ತೆ.

ನಾವಿರೋದು ಅಮೆರಿಕಾದ ಮಿಷಿಗನ್‌ನಲ್ಲಿ. ಮಗಳ ಹಠಕ್ಕೆ ಸೋತು ಒಂದು ಕಾರ್ನ್ ಸ್ನೇಕ್ ಮರಿ ತಂದ್ವಿ. ವಿಷ ಇಲ್ಲದ್ದು, ಸಾಧು, ಇದೇ ದೇಶದ ಆಗ್ನೇಯ ಭಾಗದ ಹಾವು. ಹೊಟ್ಟೆ ಕೆಳಗಡೆ ಕಪ್ಪು ಬಿಳುಪು ಚೌಕ ಚೌಕ ಇರತ್ತೆ, ಬಣ್ಣದ ಮೆಕ್ಕೆಜೋಳದ ತೆನೆ ಥರ, ಅದಕ್ಕೆ ಆ ಹೆಸರು ಅಂತ ಕೆಲವರು, ಜೋಳದ ಕಣಜಕ್ಕೆ ಇಲಿ ಹಿಡಿಯೋಕೆ ಬರ್ತಿತ್ತು ಅದಕ್ಕೆ ಅಂತ ಇನ್ನು ಕೆಲವರು. ಮಗಳು ಇಟ್ಟ ಹೆಸರು ಜೋಳಪ್ಪ. ಊರಲ್ಲಿ ನಾಗರಕಲ್ಲಿಗೆ ತನಿ ಎರೆಯೋ ಮನೆಯಿಂದ ಬಂದವನು ಬೇಸ್‌ಮೆಂಟಲ್ಲಿ ಹಾವಿಗೆ ಇಲಿ ಹಾಕ್ತಾ ಕೂತಿದೀನಿ, ನಮ್ಮಮ್ಮಂಗೆ ಇದನ್ನ ಅರಗಿಸ್ಕೊಳ್ಳೋಕೆ ಜೋಳಪ್ಪಂಗಿಂತ ಜಾಸ್ತಿ ಟೈಮ್ ಬೇಕಾಯ್ತು.

ಇದನ್ನ ಕರ್ನಾಟಕದಲ್ಲಿ ಕೂತು ಓದ್ತಿರೋರು ಒಂದು ವಿಷಯ ತಿಳ್ಕೊಂಡಿರಿ, ಕೇರೆ, ನಾಗರ, ಹೆಬ್ಬಾವು ಇಂಥ ನಮ್ಮ ಹಾವುಗಳನ್ನ ಹಿಡಿದು ಮನೇಲಿಟ್ಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಹೆಬ್ಬಾವು) ಥರ ಹೊರದೇಶದ್ದು, ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಪಟ್ಟಿಲಿರೋದು ನಿಮ್ಮ ಹತ್ರ ಇದ್ರೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸ್ಬೇಕು, 2024ರಲ್ಲಿ ಅದಕ್ಕೆ ನಿಯಮ ಬಂದಿದೆ. ಸರಿ, ವಿಷಯಕ್ಕೆ ಬರೋಣ.

ಆವತ್ತು ಏನಾಯ್ತು

ಜನವರಿ ತಿಂಗಳು, ಆಚೆ ಮೈನಸ್ ಹನ್ನೆರಡು. ಭಾನುವಾರ ರಾತ್ರಿ ಜೋಳಪ್ಪ ಎಂದಿನಂಗೆ 18 ಗ್ರಾಮಿನ ಇಲಿ ನುಂಗಿದ್ದ, ಅವನ ತೂಕ ಆಗ 180 ಗ್ರಾಮ್. ಬುಧವಾರ ಬೆಳಿಗ್ಗೆ ನಮ್ಮನೆಯವಳು ಮೆಟ್ಟಿಲ ಮೇಲಿಂದ "ರೀ, ಕೆಳಗಡೆ ಏನೋ ಕೊಳೀತಿದೆ ನೋಡ್ರೀ" ಅಂದ್ಳು. ಹೋಗಿ ಜೋಳಪ್ಪನ ಗಾಜಿನ ಟ್ಯಾಂಕ್ ಮುಚ್ಚಳ ತೆಗೆದೆ, ಅಬ್ಬಾ ಆ ವಾಸನೆ, ಅಟ್ಟದ ಮೇಲೆ ಇಲಿ ಸತ್ತಾಗ ಬರತ್ತಲ್ಲ, ಅದಕ್ಕೆ ಹುಳಿ ಬೆರೆಸ್ದಂಗೆ. ಮೂಲೇಲಿ ಕೆಳಗೆ ಹಾಸಿದ್ದ ಮರದ ಹೊಟ್ಟು ಒದ್ದೆ ಆಗಿ ಅಂಟ್ಕೊಂಡಿತ್ತು, ಅದರ ಮಧ್ಯೆ ಉದ್ದಕ್ಕೆ ಹಿಸುಕಿದಂಗಿರೋ ಇಲಿ, ಮೂತಿ ಕಡೆ ಕೂದಲು ಉದುರಿ ಚರ್ಮ ಬೂದು ಬಣ್ಣಕ್ಕೆ ತಿರುಗಿತ್ತು, ಹಿಂಗಾಲು ಬಾಲ ಮಾತ್ರ ಇನ್ನೂ ಹಂಗೇ ಇತ್ತು. ಜೋಳಪ್ಪ ಇನ್ನೊಂದು ಮೂಲೇಲಿ ಸುತ್ಕೊಂಡು ಕೂತಿದ್ದ, ನಂಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋ ಥರ.

ನಾನು ಮೊದಲು ಬೈದಿದ್ದು ಮಗಳಿಗೆ. ಊಟ ಆದ್ಮೇಲೆ ಎರಡು ದಿನ ಮುಟ್ಬಾರ್ದು ಅಂತ ಹೇಳಿದ್ನಲ್ಲ, ಫ್ರೆಂಡ್ಸ್‌ಗೆ ತೋರ್ಸೋಕೆ ಎತ್ಕೊಂಡಿರ್ತೀಯ ಅಂದೆ. "ಅಪ್ಪಾ ನಾನು ಮುಟ್ಟೇ ಇಲ್ಲ" ಅಂತ ಅತ್ಲು. ನಿಜಾನೇ ಹೇಳ್ತಿದ್ಲು, ನಾನು ಅಲ್ಲಿ ಬಿದ್ದಿರೋ ಇಲೀನ ಸರಿಯಾಗಿ ನೋಡಿದ್ರೆ ಬಯ್ಯೋ ಅವಶ್ಯಕತೇನೇ ಇರ್ಲಿಲ್ಲ.

ಕಕ್ಕಿದ್ದಾ, ಇಲ್ಲಾ ಕಕ್ಕ ಮಾಡಿದ್ದಾ

ನಗ್ಬೇಡಿ, ಹೊಸದಾಗಿ ಸಾಕೋರು ತುಂಬಾ ಜನ ಇಲ್ಲೇ ಗೊಂದಲ ಮಾಡ್ಕೋತಾರೆ. ಹಾವಿನ ಹಿಕ್ಕೆ ಜೊತೆ ಸುಣ್ಣದ ಉಂಡೆ ಥರ ಬಿಳಿ ಗಟ್ಟಿ ಬರತ್ತೆ, ಅದು ಅದರ ಮೂತ್ರ. ಹಿಕ್ಕೇಲಿ ಇಲಿ ಕೂದಲು ಇರಬಹುದು ಆದ್ರೆ ಇಲಿ ಆಕಾರ ಇರಲ್ಲ. ಕಕ್ಕಿದ್ದಾದ್ರೆ ಕಾಲು, ಬಾಲ, ತಲೆ ಏನಾದ್ರೂ ಒಂದು ಗುರುತು ಸಿಗತ್ತೆ, ಮೇಲೆಲ್ಲಾ ಲೋಳೆ ಇರತ್ತೆ, ಬಿಳಿ ಸುಣ್ಣ ಇರಲ್ಲ. ವಾಸನೆ ಬಗ್ಗೆ ಹೇಳೋದೇ ಬೇಡ, ಒಂದ್ಸಲ ಮೂಗಿಗೆ ಬಡಿದ್ರೆ ಜೀವನಪೂರ್ತಿ ಮರೆಯಲ್ಲ.

ಎಸೆಯೋಕೆ ಮುಂಚೆ ಒಂದು ಫೋಟೋ ತೆಗೀರಿ, ಗ್ಲೌಸ್ ಹಾಕ್ಕೊಂಡು ಒಂದು ಜಿಪ್ ಕವರ್‌ಗೆ ಹಾಕಿ ಇನ್ನೊಂದು ಡಬ್ಬಿಯೊಳಗಿಟ್ಟು ಫ್ರಿಜ್‌ನಲ್ಲಿಡಿ, ಡಾಕ್ಟರ್ ಹತ್ರ ಹೋಗೋದಾದ್ರೆ ಅದರ ಮೇಲಿರೋ ಲೋಳೇನೇ ಟೆಸ್ಟ್‌ಗೆ ಉಪಯೋಗಕ್ಕೆ ಬರತ್ತೆ. ಮನೆಯೋರು ಒಪ್ಪಿದ್ರೆ. ನಮ್ಮನೇಲಿ ಒಪ್ಲಿಲ್ಲ, ಗ್ಯಾರೇಜಲ್ಲಿ ಇಟ್ಟೆ, ಮಿಷಿಗನ್ ಜನವರೀಲಿ ಗ್ಯಾರೇಜೇ ಫ್ರಿಜ್. ಆಮೇಲೆ ಕೈ ಸೋಪಲ್ಲಿ ತೊಳೀರಿ, ಹಾವಿನ ಸಾಮಾನನ್ನ ಅಡುಗೆಮನೆ ಸಿಂಕಲ್ಲಿ ಮಾತ್ರ ತೊಳೀಬೇಡಿ, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹಾವುಗಳಲ್ಲಿ ಮಾಮೂಲಿ, ಅವಕ್ಕೇನೂ ಆಗಲ್ಲ, ನಮ್ಮ ಮಕ್ಕಳಿಗೆ ಆಗತ್ತೆ.

ಕಕ್ಕಿರೋ ಇಲೀನೇ ಅರ್ಧ ಉತ್ತರ ಹೇಳತ್ತೆ

ತಿಂದು ಎಷ್ಟು ಹೊತ್ತಾಗಿತ್ತು, ಎಷ್ಟು ಕರಗಿತ್ತು, ಈ ಎರಡನ್ನ ಜೋಡಿಸಿ ನೋಡಿ. ಅದೇ ದಿನ ಅಥವಾ ಮಾರನೇ ದಿನ, ಇಲಿ ಹೆಚ್ಚುಕಮ್ಮಿ ಇಡಿಯಾಗೇ ಆಚೆ ಬಂದಿದ್ರೆ, ಜಾಸ್ತಿ ಅನುಮಾನ ಪಡಬೇಕಾಗಿರೋದು ಯಾರೋ ಎತ್ತಿಕೊಂಡ್ರು, ಹೆದರಿಸಿದ್ರು, ಇಲ್ಲಾ ಇಲಿ ದೊಡ್ಡದಾಯ್ತು ಅನ್ನೋದನ್ನ. ಹಾವಿಗೆ ಹೊಟ್ಟೆ ತುಂಬಿದ್ದಾಗ ಓಡೋಕಾಗಲ್ಲ, ಅಪಾಯ ಅನ್ಸಿದ್ರೆ ಭಾರ ಇಳಿಸಿ ಹಗುರ ಆಗತ್ತೆ. ಊರಲ್ಲಿ ಹಾವು ಹಿಡಿಯೋರು ಕೋಳಿಗೂಡಿಂದ ನಾಗರಹಾವು ಎಳೆದಾಗ ಅದು ಜನರ ಮುಂದೆ ಒಂದೊಂದೇ ಮೊಟ್ಟೆ ಉಗುಳೋ ವಿಡಿಯೋ ಎಲ್ಲರ ವಾಟ್ಸಾಪಿಗೂ ಬಂದಿರತ್ತಲ್ಲ, ಅದು ಇದೇ. ಜನ ಹೋ ಅಂತ ಚಪ್ಪಾಳೆ ತಟ್ತಾರೆ, ಹಾವಿಗೆ ಅದು ಒಂದು ವಾರದ ಊಟ ಕಳ್ಕೊಂಡಂಗೆ.

ಎರಡು ಮೂರು ದಿನ ಆದ್ಮೇಲೆ, ಅರ್ಧ ಕರಗಿ ಕೊಳೆತ ವಾಸನೆ ಜೊತೆ ಬಂದಿದ್ರೆ, ಜೀರ್ಣ ಶುರು ಆಗಿ ಮಧ್ಯದಲ್ಲಿ ನಿಂತಿದೆ ಅಂತ. ಆಗ ಮೊದಲು ನೋಡ್ಬೇಕಾಗಿರೋದು ಬಿಸಿ. ಬಿಸಿ ಸರಿ ಇದ್ದೂ ಹಿಂಗಾಗಿದ್ರೆ ಕಾಯಿಲೆ. ನಮ್ದು ಮೂರನೇ ದಿನ, ಅರ್ಧ ಕರಗಿದ್ದು. ಮಗಳ ತಪ್ಪಲ್ಲ ಅಂತ ಅಲ್ಲೇ ಬರೆದಿತ್ತು, ನಾನು ಓದ್ಲಿಲ್ಲ.

ಡಿಸ್‌ಪ್ಲೇ ನಂಬ್ಬೇಡಿ

ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನನ್ನ ಲೆಕ್ಕದಲ್ಲಿ ಎಲ್ಲರೂ ಎಡವೋದು ಇಲ್ಲೇ. ಹಾವಿಗೆ ಮೈಯೊಳಗೆ ಸ್ವಂತ ಒಲೆ ಇಲ್ಲ, ಆಚೆಯಿಂದ ಸಿಗೋ ಬಿಸೀಲೇ ಅದರ ಹೊಟ್ಟೆ ಕೆಲಸ ಮಾಡೋದು. ಬಿಸಿ ಸಾಲದೇ ಹೋದ್ರೆ ಜೀರ್ಣರಸಗಳು ನಿಧಾನ ಆಗತ್ವೆ, ಆದ್ರೆ ಇಲಿ ಹೊಟ್ಟೇಲಿರೋ ಬ್ಯಾಕ್ಟೀರಿಯಾ ಸುಮ್ನೆ ಕೂರಲ್ಲ, ಹಾವು ಅರಗಿಸೋದಕ್ಕಿಂತ ಬೇಗ ಇಲಿ ಒಳಗೇ ಕೊಳೆಯತ್ತೆ, ಗ್ಯಾಸ್ ತುಂಬ್ಕೊಳತ್ತೆ, ಅದನ್ನ ಒಳಗಿಟ್ಕೊಂಡ್ರೆ ಸಾಯ್ತೀನಿ ಅಂತ ಹಾವು ಹೊರಗೆ ಹಾಕತ್ತೆ. ಅಂದ್ರೆ ಕಕ್ಕೋದು ಅದರ ಜೀವ ಉಳಿಸ್ಕೊಳ್ಳೋ ಉಪಾಯ.

ಕಾರ್ನ್ ಸ್ನೇಕಿಗೆ ಬೆಚ್ಚಗಿನ ಕಡೆ 29ರಿಂದ 31 ಡಿಗ್ರಿ, ತಣ್ಣಗಿನ ಕಡೆ 23, 24 ಇದ್ರೆ ಸಾಕು. ಬಾಲ್ ಪೈಥಾನ್‌ಗೆ ಇನ್ನೊಂದೆರಡು ಡಿಗ್ರಿ ಮೇಲೆ. ಟ್ಯಾಂಕಿನ ಬಿಸಿ ಹತೋಟೀಲಿಡೋ ನನ್ನ ಥರ್ಮೋಸ್ಟಾಟ್ ಡಿಸ್‌ಪ್ಲೇ ಮೇಲೆ ಕೆಂಪಕ್ಷರದಲ್ಲಿ 88 ಅಂತಿತ್ತು, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕ, ಅಂದ್ರೆ 31 ಡಿಗ್ರಿ ಸೆಲ್ಸಿಯಸ್. ನೋಡಿ ಬಿಸಿ ಸರಿಯಾಗೇ ಇದೆ ಅಂತ ಎರಡು ದಿನ ಅದನ್ನ ಬಿಟ್ಟು ಬೇರೆ ಎಲ್ಲಾ ಹುಡುಕ್ದೆ. ಆಮೇಲೆ ಒಂದಿನ ಅಡುಗೆಮನೇಲಿ ಎಣ್ಣೆ ಬಿಸಿ ನೋಡೋಕೆ ತಂದಿದ್ದ ಇನ್‌ಫ್ರಾರೆಡ್ ಗನ್ ಇತ್ತಲ್ಲ ಅಂತ ನೆನಪಾಗಿ ಟ್ಯಾಂಕೊಳಗೆ ಜೋಳಪ್ಪ ಮಲಗೋ ಜಾಗಕ್ಕೆ ಹಿಡಿದೆ. 74. ಅಂದ್ರೆ 23 ಡಿಗ್ರಿ. ಬೆಚ್ಚಗಿನ ಕಡೆ ಅಂತ ನಾನು ಅಂದ್ಕೊಂಡಿದ್ದ ಜಾಗ ತಣ್ಣಗಿನ ಕಡೆ ಇರ್ಬೇಕಾದ ಬಿಸಿಗಿಂತ ಜಾಸ್ತಿ ಏನೂ ಇರ್ಲಿಲ್ಲ.

ಏನಾಗಿತ್ತಂದ್ರೆ, ಹೀಟ್ ಮ್ಯಾಟ್, ಅಂದ್ರೆ ಕರೆಂಟಲ್ಲಿ ಬಿಸಿಯಾಗೋ ಹಾಳೆ, ಇರೋದು ಗಾಜಿನ ಕೆಳಗೆ, ಹೊರಗಡೆ. ಥರ್ಮೋಸ್ಟಾಟ್ ಪ್ರೋಬ್ (ಬಿಸಿ ಅಳೆಯೋ ತಂತಿ ತುದಿ) ಸಿಕ್ಕಿಸಿದ್ದು ಮ್ಯಾಟಿಗೂ ಗಾಜಿಗೂ ಮಧ್ಯೆ. ಅದು ಹೇಳ್ತಿದ್ದಿದ್ದು ಮ್ಯಾಟ್ ಎಷ್ಟು ಬಿಸಿ ಅಂತ, ಹಾವು ಎಷ್ಟು ಬೆಚ್ಚಗಿದೆ ಅಂತಲ್ಲ. ಬೇಸಿಗೇಲಿ ಬೇಸ್‌ಮೆಂಟೇ ಬೆಚ್ಚಗಿತ್ತು, ಹೊಟ್ಟೂ ತೆಳ್ಳಗಿತ್ತು, ನಡೀತಿತ್ತು. ಕ್ರಿಸ್‌ಮಸ್ ರಜೇಲಿ ಹಾವು ಬಿಲ ತೋಡ್ಕೊಂಡು ಆಡ್ಲಿ ಅಂತ ನಾನೇ ಪ್ರೀತಿಯಿಂದ ಮೂರಿಂಚು ಆಸ್ಪೆನ್ ಮರದ ಹೊಟ್ಟು ಹಾಕಿದ್ದೆ. ಮೂರಿಂಚು ಮರದ ಹೊಟ್ಟು ಅಂದ್ರೆ ಏನು, ಕಂಬಳಿ. ಮ್ಯಾಟ್ ಬಿಸಿ ಎಲ್ಲಾ ಕಂಬಳಿ ಕೆಳಗೆ, ಹಾವು ಕಂಬಳಿ ಮೇಲೆ, ಅದರ ಮೇಲೆ 16 ಡಿಗ್ರಿ ಬೇಸ್‌ಮೆಂಟ್ ಗಾಳಿ.

ಇಂಥ ಟೈಮಲ್ಲಿ ಥರ್ಮೋಸ್ಟಾಟ್ ನಂಬರ್ ಏರಿಸೋಣ ಅನ್ಸತ್ತೆ, ದಯವಿಟ್ಟು ಮಾಡ್ಬೇಡಿ. ಹಾವು ಒಂದಿನ ಹೊಟ್ಟು ತೋಡ್ಕೊಂಡು ನೇರ ಗಾಜಿಗೆ ಹೊಟ್ಟೆ ತಾಗಿಸಿ ಮಲಗಿದ್ರೆ ಸುಟ್ಟುಹೋಗತ್ತೆ, ಸುಡ್ತಿದೆ ಅಂತ ಎದ್ದು ಹೋಗೋ ಬುದ್ಧಿ ಅದಕ್ಕೆ ಅಷ್ಟಾಗಿ ಇಲ್ಲ. ನಾನು ಮಾಡಿದ್ದು ಇಷ್ಟು, ಬೆಚ್ಚಗಿನ ಕಡೆ ಹೊಟ್ಟನ್ನ ಒಂದು ಬೆರಳಿನ ದಪ್ಪಕ್ಕೆ ಇಳಿಸ್ದೆ, ಪ್ರೋಬನ್ನ ಟ್ಯಾಂಕೊಳಗೆ ತಂದು ಮ್ಯಾಟ್ ಇರೋ ಜಾಗದಲ್ಲಿ ಗಾಜಿನ ಮೇಲೆ ಹಾಟ್ ಗ್ಲೂ ಹಾಕಿ ಕೂರಿಸ್ದೆ, ಹಿಂದಿನ ಗೋಡೆ ಮತ್ತೆ ಎರಡು ಪಕ್ಕಕ್ಕೆ ಹೊರಗಡೆಯಿಂದ ಥರ್ಮೋಕೋಲ್ ಶೀಟ್ ಅಂಟಿಸ್ದೆ, ಇಪ್ಪತ್ತನಾಲ್ಕು ಗಂಟೆ ಬಿಟ್ಟು ಅಡಗೋ ಡಬ್ಬಿಯೊಳಗೆ ಬೇರೆ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡ್ದೆ, 30 ಬಂತು. ಟ್ಯಾಂಕೊಳಗೆ ಸೆಲೋಟೇಪ್ ಮಾತ್ರ ಹಾಕ್ಬೇಡಿ, ಯಾವ ಟೇಪೂ ಬೇಡ, ಹಾವಿನ ಮೈಗೆ ಅಂಟ್ಕೊಂಡ್ರೆ ಬಿಡಿಸೋವಾಗ ಚರ್ಮಾನೇ ಕಿತ್ಕೊಂಡು ಬರತ್ತೆ. ಗಾಜಿಗೆ ಅಂಟಿಸೋ ಗಡಿಯಾರದ ಥರದ್ದು ಥರ್ಮಾಮೀಟರ್ ಅಂಗಡೀಲಿ ಕೊಡ್ತಾರಲ್ಲ, ಅದು ಗೋಡೆ ಹತ್ರದ ಗಾಳಿ ಅಳೆಯತ್ತೆ ಅಷ್ಟೇ, ಅಲಂಕಾರಕ್ಕೆ ಇಟ್ಕೊಳ್ಳಿ.

ತಣ್ಣಗಾದ್ರೆ ಮಾತ್ರ ಅಲ್ಲ, ಜಾಸ್ತಿ ಬಿಸಿ ಆದ್ರೂ ಕಕ್ಕತ್ತೆ. ಥರ್ಮೋಸ್ಟಾಟೇ ಇಲ್ದೆ ಮ್ಯಾಟ್ ಹಾಕಿ ಟ್ಯಾಂಕ್ ಪೂರ್ತಿ 35 ಮೇಲೆ ಹೋದ್ರೆ ಹಾವಿಗೆ ತಪ್ಪಿಸ್ಕೊಳ್ಳೋಕೆ ತಣ್ಣಗಿರೋ ಜಾಗ ಇರಲ್ಲ. ಊಟ ಆದ ರಾತ್ರಿ ನಾಲ್ಕೈದು ಗಂಟೆ ಕರೆಂಟ್ ಹೋಗಿತ್ತಾ ಅಂತಾನೂ ನೆನಪು ಮಾಡ್ಕೊಳ್ಳಿ.

ಬಿಸಿ ಸರಿ ಇದೆ ಅಂತ ಅಳೆದು ಖಾತ್ರಿ ಆಗಿದ್ರೆ

ಆಮೇಲೆ ಇಲಿ ಕಡೆ ಬನ್ನಿ. ಹಾವಿನ ಮೈಯಲ್ಲಿ ಅತಿ ದಪ್ಪ ಇರೋ ಜಾಗ ಎಷ್ಟೋ ಇಲಿ ದಪ್ಪಾನೂ ಹೆಚ್ಚುಕಮ್ಮಿ ಅಷ್ಟೇ, ಜಾಸ್ತಿ ಅಂದ್ರೆ ಅದರ ಒಂದೂವರೆ ಪಟ್ಟು. ತೂಕದಲ್ಲಿ ಹೇಳೋದಾದ್ರೆ ಬೆಳೆಯೋ ಹಾವಿಗೆ ಅದರ ತೂಕದ ಹತ್ತರಲ್ಲಿ ಒಂದು ಭಾಗ. ಅಡುಗೆಮನೆ ತಕ್ಕಡಿ ಒಂದು ಇದ್ರೆ ಸಾಕು, ಕಣ್ಣಂದಾಜಿಗೆ ಹೋಗ್ಬೇಡಿ. ಹಿಂದಿನ ಊಟ ಇನ್ನೂ ಹಿಕ್ಕೆಯಾಗಿ ಬಂದಿಲ್ಲ, ಆಗ್ಲೇ ಇನ್ನೊಂದು ಹಾಕಿದ್ರಾ ಅದನ್ನೂ ನೋಡಿ.

ಕೊಡೋವಾಗ ಫ್ರೀಜರ್ ಇಲಿಯ ಐಸ್ ಒಳಗಡೆವರೆಗೂ ಕರಗಿತ್ತಾ? ಮೇಲೆ ಮೆತ್ತಗಿದ್ದು ಹೊಟ್ಟೇಲಿ ಐಸ್ ಗಟ್ಟಿ ಇದ್ರೆ ಹಾವಿನ ಹೊಟ್ಟೆಯೊಳಗೆ ನೀವೇ ಐಸ್ ಇಟ್ಟಂಗೆ. ರಾತ್ರಿ ಫ್ರಿಜ್ಜಿಗೆ ಇಳಿಸಿ, ಸಾಯಂಕಾಲ ಜಿಪ್ ಕವರಲ್ಲಿ ಹಾಕಿ ಬಿಸಿನೀರಲ್ಲಿ ಮುಳುಗಿಸಿ, ಹೊಟ್ಟೆ ಹಿಸುಕಿ ನೋಡಿ ಕೊಡಿ. ಮೈಕ್ರೋವೇವ್ ಬೇಡವೇ ಬೇಡ, ಒಳಗೆ ಬೆಂದು ಒಡೆಯತ್ತೆ, ಆಮೇಲೆ ಆ ಮೈಕ್ರೋವೇವಲ್ಲಿ ನೀವು ಸಾರು ಬಿಸಿ ಮಾಡ್ಕೋಬೇಕಲ್ಲ. ಒಂದ್ಸಲ ಕರಗಿಸಿದ್ದನ್ನ ಹಾವು ತಿನ್ನಲಿಲ್ಲ ಅಂತ ವಾಪಸ್ ಫ್ರೀಜರ್‌ಗೆ ಹಾಕೋದೂ ಬೇಡ.

ಇನ್ನು ಎತ್ಕೊಳ್ಳೋ ವಿಷಯ, ಊಟ ಆದ ಮೇಲೆ ಕಮ್ಮಿ ಅಂದ್ರೆ 48 ಗಂಟೆ ಮುಟ್ಬಾರ್ದು, ದೊಡ್ಡ ಊಟ ಆದ್ರೆ ಹೊಟ್ಟೆ ಉಬ್ಬು ಇಳಿಯೋವರೆಗೂ. ಬೇರೆ ಡಬ್ಬೀಲಿ ಹಾಕಿ ಊಟ ಕೊಟ್ಟು ಆಮೇಲೆ ಎತ್ತಿ ಟ್ಯಾಂಕಿಗೆ ಹಾಕಿ, ಇಲ್ಲಾಂದ್ರೆ ಕೈ ಕಚ್ಚೋದು ಕಲ್ತ್ಕೊಳತ್ತೆ ಅಂತ ಹಳೇ ಕಾಲದ ಸಲಹೆ ಒಂದಿದೆ, ನಂಗೆ ಅದು ತಲೆಬುಡ ಇಲ್ಲದ್ದು ಅನ್ಸತ್ತೆ, ತಿಂದ ತಕ್ಷಣ ಎತ್ಬೇಡಿ ಅಂತ ಹೇಳಿ ಆಮೇಲೆ ತಿಂದ ತಕ್ಷಣ ಎತ್ತಿ ಅಂದ್ರೆ ಹೆಂಗೆ. ನೀರಿನ ಬಟ್ಟಲು ಒಣಗಿತ್ತಾ, ಹಾವು ಅಡಗೋಕೆ ಜಾಗ ಇತ್ತಾ, ನಾಯಿ ಬೆಕ್ಕು ಟ್ಯಾಂಕ್ ಮುಂದೆ ಕೂತು ದಿಟ್ಟಿಸ್ತಿತ್ತಾ, ಮನೆಗೆ ತಂದು ಒಂದು ವಾರಾನೂ ಆಗಿರ್ಲಿಲ್ವಾ, ಇವೂ ಕಾರಣಗಳೇ.

ಅಮ್ಮ ಫೋನಲ್ಲಿ ಕೇಳಿದ್ದು "ಏನೋ, ಹಾಲು ಗೀಲು ಹಾಕಿದ್ಯೇನೋ?" ಅಂತ. ಇಲ್ಲಮ್ಮ ಅಂದೆ. ಹಾವಿಗೆ ಹಾಲು ಅರಗಲ್ಲ, ಪಂಚಮಿ ದಿನ ಹಾವಾಡಿಗರ ಹಾವು ಕುಡಿಯೋದು ದಿನಗಟ್ಟಲೆ ನೀರು ಕೊಡದೇ ಬಾಯಾರಿಸಿರ್ತಾರೆ ಅದಕ್ಕೆ. ಇದನ್ನ ಅಮ್ಮಂಗೆ ಹೇಳೋಕೆ ಹೋಗ್ಲಿಲ್ಲ.

ಕಾಯಿಲೆ ಅನುಮಾನ ಯಾವಾಗ

ಒಂದೇ ಸಲ ಆಗಿ, ಕಾರಣ ಗೊತ್ತಾಗಿ, ಹಾವು ಚುರುಕಾಗಿದ್ರೆ ಡಾಕ್ಟರ್ ಹತ್ರ ಓಡೋದೇನೂ ಬೇಡ. ಎರಡನೇ ಸಲ ಆದ್ರೆ, ತೂಕ ಇಳೀತಿದ್ರೆ, ಬಾಯಿ ತೆಗೆದು ಉಸಿರಾಡ್ತಿದ್ರೆ, ಬಾಯಲ್ಲಿ ನೊರೆ ಗುಳ್ಳೆ ಅಥವಾ ರಕ್ತ ಕಂಡ್ರೆ ಹಾವು ನೋಡೋ ವೆಟ್ ಹತ್ರಾನೇ ಹೋಗಿ. ಇನ್ನೂ 10 ಗ್ರಾಮ್ ದಾಟದ ಮರಿ ಆದ್ರೆ ಮೊದಲ ಸಲಾನೇ ಫೋನ್ ಮಾಡಿ ಕೇಳಿ, ಮರಿಗಳು ಎರಡು ಮೂರು ಸಲ ಕಕ್ಕಿದ್ರೆ ಉಳಿಯೋದು ಕಷ್ಟ. ಹೊಸ ಹಿಕ್ಕೆ ಸಿಕ್ಕಿದ್ರೆ ತಗೊಂಡೋಗಿ, ಹುಳ ಇದ್ಯಾ ನೋಡ್ತಾರೆ.

ಹೆದರಬೇಕಾದ್ದು ಕ್ರಿಪ್ಟೋಸ್ಪೋರಿಡಿಯಂ ಅನ್ನೋ ಪರಾವಲಂಬಿಗೆ. ಜಠರದ ಗೋಡೆ ದಪ್ಪ ಆಗ್ತಾ ಹೋಗತ್ತೆ, ಹಾವಿನ ನಡುಮೈಯಲ್ಲಿ ಊಟ ಇಲ್ದೇ ಇದ್ರೂ ಗಡ್ಡೆ ಥರ ಉಬ್ಬು ಕಾಣತ್ತೆ, ತಿಂದಿದ್ದೆಲ್ಲಾ ವಾಪಸ್ ಬರತ್ತೆ. ಖಚಿತವಾಗಿ ವಾಸಿ ಮಾಡೋ ಔಷಧ ಇಲ್ಲ, ಮಾಮೂಲಿ ಬ್ಲೀಚಿಗೂ ಸಾಯಲ್ಲ, ಮನೇಲಿ ಇನ್ನೊಂದು ಹಾವಿದ್ರೆ ಇಕ್ಕಳ, ಬಟ್ಟಲು ಎಲ್ಲಾ ಬೇರೆ ಬೇರೆ ಇಡ್ಬೇಕು. ಬೋವಾ (ಹೆಬ್ಬಾವಿನ ಥರದ ಹಾವು) ಮತ್ತೆ ಪೈಥಾನ್ ಸಾಕೋರು ಇನ್‌ಕ್ಲೂಷನ್ ಬಾಡಿ ಡಿಸೀಸ್ ಅನ್ನೋ ವೈರಸ್ ಕಾಯಿಲೇನೂ ತಲೇಲಿಟ್ಕೊಳ್ಳಿ, ಬೋವಾ ಪದೇ ಪದೇ ಕಕ್ತಿದ್ರೆ, ತಲೆ ಮೇಲಕ್ಕೆತ್ತಿ ತಿರುಚ್ಕೊಂಡು ಆಕಾಶ ನೋಡ್ತಿದ್ರೆ ತಡ ಮಾಡ್ಬೇಡಿ. ಯಾರೋ ಹೇಳಿದ್ರು ಅಂತ ಹುಳದ ಔಷಧಾನ ನೀವೇ ಲೆಕ್ಕ ಹಾಕಿ ಕುಡಿಸೋ ಸಾಹಸ ಮಾತ್ರ ಬೇಡ, ಸೊನ್ನೆ ಒಂದು ಆಚೀಚೆ ಆದ್ರೆ ಹಾವು ಹೋಯ್ತು.

ಈಗ ಮಾಡ್ಬೇಕಾದ್ದು: ಕಾಯೋದು

ಕಕ್ಕಿದಾಗ ಇಲಿ ಒಂದೇ ಆಚೆ ಬರಲ್ಲ, ಜಠರದ ಆಮ್ಲ, ನೀರು, ಉಪ್ಪಿನಂಶ ಎಲ್ಲಾ ಹೋಗಿರತ್ತೆ, ಬರೋ ದಾರೀಲಿ ಅನ್ನನಾಳ ಆಮ್ಲ ತಾಗಿ ಉರಿದಿರತ್ತೆ. ಅದೆಲ್ಲಾ ಮತ್ತೆ ಕೂಡ್ಕೊಳ್ಳೋಕೆ 10ರಿಂದ 14 ದಿನ ಬೇಕು. ನಾನು ಕೊಟ್ಟಿದ್ದು ನಾಲ್ಕೇ ದಿನ. ಟ್ಯಾಂಕ್ ಇನ್ನೂ ತಣ್ಣಗಿತ್ತು ಅನ್ನೋದೂ ಆಗ ಗೊತ್ತಿರ್ಲಿಲ್ಲ, ಈಗಷ್ಟೇ ಕೂದಲು ಮೂಡಿರೋ ಚಿಕ್ಕ ಫಜ್ಜಿ ಇಲಿಮರಿ ಅಲ್ವಾ ಏನಾಗತ್ತೆ ಅಂತ ಹಾಕ್ದೆ, ಜೋಳಪ್ಪ ಗಬಕ್ಕಂತ ನುಂಗ್ದ, ಮಾರನೇ ದಿನ ಅದೂ ಆಚೆ. ಹಾವು ತಿಂತು ಅಂದ್ರೆ ಹೊಟ್ಟೆ ರೆಡಿ ಇದೆ ಅಂತಲ್ಲ, ಅದು ಕೊಟ್ರೆ ತಿನ್ನತ್ತೆ. ಆ ಎರಡನೇ ವಾಂತಿ ಆದ್ಮೇಲೇನೇ ನಾನು ಇನ್‌ಫ್ರಾರೆಡ್ ಗನ್ ಹುಡುಕಿದ್ದು. ತೂಕ 180ರಿಂದ 168ಕ್ಕೆ ಇಳಿದಿತ್ತು, ಬೆನ್ನುಮೂಳೆ ಪಕ್ಕ ಚರ್ಮ ಸುಕ್ಕು ಸುಕ್ಕು. ವೆಟ್ ಹತ್ರ ಹೋದ್ವಿ, ಟೆಸ್ಟಲ್ಲಿ ಏನೂ ಸಿಗ್ಲಿಲ್ಲ, ಮೂರು ವಾರ ಊಟ ಬಂದ್ ಅಂದ್ರು.

ಕಾಯೋವಾಗ ಬಟ್ಟಲಲ್ಲಿ ದಿನಾ ಹೊಸ ನೀರು, ಸರಿಯಾದ ಬಿಸಿ, ಮುಟ್ಟದೇ ಇರೋದು, ಇಷ್ಟೇ. ಟ್ಯಾಂಕ್ ಖಾಲಿ ಮಾಡಿ ತೊಳೆದು ಮರದ ಹೊಟ್ಟನ್ನೆಲ್ಲಾ ಎಸೆದು ಸದ್ಯಕ್ಕೆ ಪೇಪರ್ ಟವೆಲ್ ಹಾಸಿ, ಮತ್ತೆ ಕಕ್ಕಿದ್ರೆ ತಕ್ಷಣ ಗೊತ್ತಾಗತ್ತೆ. ಬ್ಲೀಚ್ ಹಾಕಿದ್ರೆ ವಾಸನೆ ಪೂರ್ತಿ ಹೋಗಿ ಒಣಗೋವರೆಗೂ ಹಾವನ್ನ ಬಿಡ್ಬೇಡಿ. ಬೆಳೆದ ಹಾವು ಮೂರು ವಾರ ಉಪವಾಸ ಇದ್ರೆ ಏನೂ ಆಗಲ್ಲ, ನಮಗೇ ತಡ್ಕೊಳ್ಳೋಕಾಗಲ್ಲ.

ಮತ್ತೆ ಶುರು ಮಾಡೋವಾಗ ಹಳೇ ಊಟದ ಅರ್ಧಕ್ಕಿಂತ ಕಮ್ಮಿ. ಜೋಳಪ್ಪಂಗೆ ಮೊದಲು 5 ಗ್ರಾಮಿಂದು, ಹತ್ತು ದಿನ ಬಿಟ್ಟು ಮತ್ತೆ ಅಷ್ಟೇ, ಆಮೇಲೆ 8, ಆಮೇಲೆ 12, ಹಿಂಗೆ 18ಕ್ಕೆ ಬರೋಕೆ ಎರಡು ತಿಂಗಳು ಹತ್ರ ಆಯ್ತು. ಮೊದಲ ಊಟ ಆದ್ಮೇಲೆ ದಿನಕ್ಕೆ ನಾಲ್ಕು ಸಲ ಬೇಸ್‌ಮೆಂಟಿಗೆ ಇಳಿದು ಮೂಸಿ ನೋಡ್ತಿದ್ದೆ. ಏಳನೇ ದಿನ ಬೆಳಿಗ್ಗೆ ಪೇಪರ್ ಟವೆಲ್ ಮೇಲೆ ಚಿಕ್ಕ ಕಪ್ಪು ಹಿಕ್ಕೆ, ಪಕ್ಕದಲ್ಲಿ ಬೆಳ್ಳಗೆ ಸುಣ್ಣದ ಉಂಡೆ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ದೆ. ತಂಗಿ ಗ್ರೂಪ್ ಬಿಟ್ಟು ಹೋದ್ಲು, ಅಮ್ಮ ಮಾತ್ರ ವಾಯ್ಸ್ ಮೆಸೇಜ್ ಕಳಿಸಿದ್ರು, ಸುಬ್ರಹ್ಮಣ್ಯನಿಗೆ ಹರಕೆ ಹೊತ್ಕೊಂಡಿದ್ನಲ್ಲ ಅದಕ್ಕೇ ಸರಿ ಹೋಯ್ತು, ಮುಂದಿನ ಸಲ ಬಂದಾಗ ಕುಕ್ಕೆಗೆ ಹೋಗ್ಬೇಕು, ಟಿಕೆಟ್ ಬೇಗ ಮಾಡ್ಸು ಅಂತ.